ಮೂರು ಮೊಳ

ಗುತ್ತಲು ರಸ್ತೆಯ ತಿರುವಿನಲ್ಲಿ, ಹಿಟ್ಟಿನ ಗಿರಣಿಗೆ ಅಂಟಿಕೊಂಡು
ನನ್ನ ಅಂಗಡಿ. ಎಂಟಡಿಗೆ ಆರಡಿ.
ಬೆಳಿಗ್ಗೆ ಒರೆಸಿದ ಕತ್ತರಿಯ ಮೇಲೆ
ಮಧ್ಯಾಹ್ನಕ್ಕೆ ರಾಗಿಯ ಧೂಳು.

ಲೈನಿಂಗ್ ಬಟ್ಟೆ, ಬಾಬಿನ್, ಹುಕ್ಕು ಮಾರುವ ಕಂಪನಿಯೊಂದು
ಒಂದು ರಾತ್ರಿ ಫೋನಿನೊಳಗಿಂದ ಹೇಳಿತು:
‘ಸೂಜಿಮನೆ ಕುಟುಂಬಕ್ಕೆ ಸ್ವಾಗತ.
ನೀವು ನಮ್ಮ ನಾಲ್ಕು ಸಾವಿರದ ನೂರಾ ಹದಿನೇಳನೆಯ ಅಕ್ಕ.’
ನಕ್ಕುಬಿಟ್ಟೆ.
ಹುಟ್ಟಿದ ಮನೆಯಲ್ಲಿ ನಾನು ಬರೀ ಮೂರನೆಯವಳು,
ಅಲ್ಲೇ ಹೆಸರು ತಪ್ಪಿ ಕೂಗುತ್ತಿದ್ದರು.

ಸಂತೆಗೆ ಮೂರು ಮೊಳ ನೇಯ್ದ ಹಾಗೆ ಅಂತಾರಲ್ಲ,
ಹಾಗೆ ನೇಯ್ದದ್ದು ಈ ಬಳಗ.
ಹಾಸು ಅವರ ಲಾಭದ್ದು. ಹೊಕ್ಕಿನ ವಿಷಯ
ಆಮೇಲೆ ಹೇಳುತ್ತೇನೆ.

ಆಷಾಢ ಕಳೆದು ಮದುವೆಗಳು ಮುಗಿಬಿದ್ದ ವಾರ,
ಬೆಳಗಿನ ಮುಹೂರ್ತದ ಹುಡುಗಿಯ ರವಿಕೆ
ಕಂಕುಳಲ್ಲಿ ಹಿಡಿಯುತ್ತಿತ್ತು. ಬಿಚ್ಚಿದೆ, ಹೊಲಿದೆ, ಬಿಚ್ಚಿದೆ.
ರೇಷ್ಮೆಗೆ ಬಿದ್ದ ಸೂಜಿತೂತು ಮಾಯುವುದಿಲ್ಲ.
ರಾತ್ರಿ ಒಂದೂವರೆಗೆ, ನಾಚಿಕೆ ಬಿಟ್ಟು, ಫೋಟೊ ಹಾಕಿದೆ:
‘ಯಾರಾದರೂ ಎದ್ದಿದ್ದೀರಾ?’

ಎದ್ದಿದ್ದಳು ತಸ್ಮಿಯಾ, ಮೈಸೂರಿನ ಉದಯಗಿರಿಯವಳು.
ಹಳೆಯ ಪೇಪರಿನ ಮೇಲೆ ಗೆರೆ ಎಳೆದು ಕಳಿಸಿದಳು:
‘ಅರ್ಧ ಇಂಚು ಇಳಿಸು. ಹೆದರಬೇಡ.
ನಾನು ಒಂದನ್ನು ಇಸ್ತ್ರಿಯಲ್ಲಿ ಸುಟ್ಟೇ ಬಿಟ್ಟಿದ್ದೆ, ನಿಕಾಹ್ ದಿನವೇ.’
ಅವಳ ಮಾತಿನ ಅಡಿಯಲ್ಲೇ ಕಂಪನಿ
ಒಂದು ಕತ್ತರಿ ನೇತುಹಾಕಿತ್ತು:
ಇಂದು ಮಾತ್ರ, ಶೇಕಡ ಇಪ್ಪತ್ತು ಕಡಿಮೆ.
ಹೀಗೇ ಎರಡು ವರ್ಷ. ಮಗಳ ಜ್ವರ, ಏರದ ಕೂಲಿ,
ನಟ್ಟಿರುಳು ಕರೆಂಟು ಹೋದದ್ದು,
ಪ್ರತಿ ಮಾತಿನ ಕೆಳಗೂ ಒಂದು ಬೆಲೆ.

ಫಾಲ್ಗುಣದಿಂದ ಅವಳಿಲ್ಲ.
ಹೆಸರಿನ ಪಕ್ಕ ಚಿನ್ನದ ನಕ್ಷತ್ರ ಮಾತ್ರ ಹಾಗೇ ಹೊಳೆಯುತ್ತಿತ್ತು.
ವಿಳಾಸ ಕೇಳಿದೆ. ‘ಕುಟುಂಬದವರ ವಿವರ
ಕುಟುಂಬದವರಿಗೆ ಕೊಡಲಾಗುವುದಿಲ್ಲ’
ಅಂದರು, ಬಹಳ ವಿನಯದಿಂದ.

ಹಳೆಯ ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿದೆ.
ಗೋಡೆಯ ಮೂಲೆಯಲ್ಲಿ ಸೌದೆ ಡಿಪೋದ ಕ್ಯಾಲೆಂಡರು, ಅರ್ಧ ಹೆಸರು.
ಅಷ್ಟನ್ನೇ ಹಿಡಿದು ಬಸ್ಸು ಹತ್ತಿದೆ.
ಡಿಪೋದ ಮುದುಕ, ‘ಟೈಲರ್ ಆಪಾ?
ನೀರಿನ ಟ್ಯಾಂಕಿನ ಹಿಂದೆ, ಹಸಿರು ಬಾಗಿಲು’ ಅಂದ.
ನೀನ್ಯಾರು ಅಂತ ಕೇಳಲೂ ಇಲ್ಲ.

ಎದುರು ಕೂತರೆ ಮಾತೇ ಬರಲಿಲ್ಲ ಇಬ್ಬರಿಗೂ.
ಅಷ್ಟೆಲ್ಲ ಹರಟಿದವರು ಚಹಾದ ಕೆನೆ ನೋಡುತ್ತಾ ಕೂತೆವು.
ನಾನಂದುಕೊಂಡದ್ದಕ್ಕಿಂತ ಹತ್ತು ವರ್ಷ ದೊಡ್ಡವಳು.
ಇಷ್ಟೇನಾ, ಮೂರೇ ಮೊಳ, ಅಂದುಕೊಳ್ಳುವಷ್ಟರಲ್ಲಿ
ಕೈ ಚಾಚಿ ನನ್ನ ತೋಳಿನ ಹೊಲಿಗೆ ಸವರಿದಳು,
ಕಣ್ಣು ಬೇರೆಲ್ಲೋ ಇಟ್ಟು:
‘ಇಲ್ಲಿ ಎಳೀತಾ ಇದೆ. ಅವತ್ತೇ ಹೇಳಿದ್ದೆ.’

ಸಕ್ಕರೆ ಕಾಯಿಲೆ. ಎಡಗಣ್ಣು ಹೋಗಿದೆ, ಬಲಗಣ್ಣಲ್ಲಿ ಮಂಜು.
ಹುಕ್ಕು ಹಾಕಬಲ್ಲಳು, ಅಂಚು ಮಡಿಚಿ ಹೊಲಿಯಬಲ್ಲಳು,
ಬೆರಳಿಗೆ ದಾರಿ ಗೊತ್ತು.
ಸೂಜಿಯ ಕಣ್ಣು ಮಾತ್ರ ಸಿಗದು.
ಸಂಜೆಯವರೆಗೆ ನಲವತ್ತು ಸೂಜಿಗೆ ದಾರ ಪೋಣಿಸಿದೆ.
ಎಡಕ್ಕೆ ಕೆಂಪು, ನಡುವೆ ಕಪ್ಪು, ಬಲಕ್ಕೆ ಬಿಳಿ,
ದಿಂಬಿನಲ್ಲಿ ತಡವಿದರೆ ತಿಳಿಯುವ ಹಾಗೆ ಚುಚ್ಚಿಟ್ಟೆ.

ಹೊಕ್ಕು ಅಂದದ್ದು ಇದನ್ನೇ. ಕಂಪನಿಗೆ ಇದರ ಲೆಕ್ಕ ಸಿಗದು.
ಅವರ ಮಗ್ಗವಿಲ್ಲದೆ ನಮ್ಮ ಎಳೆಗಳು
ಎದುರಾಗುತ್ತಲೂ ಇರಲಿಲ್ಲ, ಅದೂ ನಿಜ.
ನನ್ನಲ್ಲಿ ಬೈಗುಳವೂ ಇದೆ, ಋಣವೂ ಇದೆ.
ಮೂರು ಮೊಳದಲ್ಲಿ ಸೀರೆಯಾಗದು ಕಣವ್ವ,
ಬಾಣಂತಿಯ ತಲೆಗೆ ಕಟ್ಟಲು ಸಾಕು.

ಶ್ರೀರಂಗಪಟ್ಟಣ ದಾಟುವಾಗ ಫೋನು ನಡುಗಿತು:
‘ಅಕ್ಕ, ಮೂರು ದಿನದಿಂದ ನೀವಿಲ್ಲ. ಕುಟುಂಬ ನೆನೆಯುತ್ತಿದೆ.
ಕೈಸೂಜಿ, ಒಂದು ಪೊಟ್ಟಣಕ್ಕೆ ಇನ್ನೊಂದು ಉಚಿತ.’
‘ನೆನೆಯೋರು ಯಾರಪ್ಪಾ?’ ಅಂದೆ, ಸ್ವಲ್ಪ ಜೋರಾಗಿಯೇ.
ಪಕ್ಕದವಳು ತಿರುಗಿ ನೋಡಿದಳು.
ಆಮೇಲೆ ಒತ್ತಿದೆ. ಎರಡು ಪೊಟ್ಟಣ.
ತಲುಪಿಸುವ ವಿಳಾಸದಲ್ಲಿ
ನೀರಿನ ಟ್ಯಾಂಕಿನ ಹಿಂದೆ, ಹಸಿರು ಬಾಗಿಲು
ಎಂದು ಬರೆದೆ.