ಹನ್ನೊಂದನೆಯ ಪ್ರಶ್ನೆ

ಸ್ಫಾಕ್ಸ್ ಊರಿನ ದೊಡ್ಡಾಸ್ಪತ್ರೆಯಲ್ಲಿ
ಹದಿಹರೆಯದವರ ವಾರ್ಡಿನ ಬಾಗಿಲಿಗೆ
ಒಳಗಡೆಯಿಂದ ಹಿಡಿಕೆಯಿಲ್ಲ.
ಹೊರಗೆ ನನ್ನ ಮೇಜು. ಹತ್ತೊಂಬತ್ತು ವರ್ಷದಿಂದ
ಬಂದವರ ಹೆಸರು, ವಯಸ್ಸು, ತಂದೆಯ ಕಸುಬು
ಬರೆದುಕೊಳ್ಳುವವಳು ನಾನು.
ಡಾಕ್ಟರರ ಬರಹ ಡಾಕ್ಟರರಿಗೇ ತಿಳಿಯದು,
ನನ್ನದು ಎಲ್ಲರಿಗೂ ತಿಳಿಯುತ್ತದೆ.
ಅಷ್ಟೇ ನನ್ನ ಹೆಚ್ಚುಗಾರಿಕೆ.

ವಜ್ದಿಯನ್ನು ತಂದದ್ದು ಫೆಬ್ರುವರಿಯ ಒಂದು ಮಂಗಳವಾರ,
ಊರಿಗೆ ಊರೇ ಆಲಿವ್ ಗಾಣದ ಹಿಂಡಿ ನಾರುತ್ತಿದ್ದಾಗ.
ಹದಿನೈದು ವರ್ಷ. ಕಾಲಲ್ಲಿ ಅಣ್ಣನ ಬೂಟು,
ಎರಡಳತೆ ದೊಡ್ಡದು,
ನಡೆದರೆ ಯಾರೋ ನಿಧಾನ ಚಪ್ಪಾಳೆ ತಟ್ಟಿದ ಸದ್ದು.
ಜೊತೆಗೊಬ್ಬ ಪೊಲೀಸಿನವ,
ನ್ಯಾಯಾಧೀಶರ ಸಹಿಯ ಕಾಗದ,
ತಾಯಿ ಮಬ್ರೂಕಾ.
ಚಪ್ಪಲಿ ಕಾರ್ಖಾನೆಯಲ್ಲಿ ಅಟ್ಟೆಗೆ ಗೋಂದು ಹಚ್ಚಿ ಹಚ್ಚಿ
ಬೆರಳ ಗೆರೆಗಳೆಲ್ಲ ಸವೆದಿದ್ದವು.
ಹೆಬ್ಬೆಟ್ಟು ಒತ್ತಿದಳು: ಬರೀ ನೀಲಿ ಮಚ್ಚೆ.

ತಂದೆ?
ಗಫ್ಸಾದ ಗಣಿಯಿಂದ ಫಾಸ್ಫೇಟ್ ಹೊರುವ ಲಾರಿಯ ಚಾಲಕ.
ಮನೆಯಲ್ಲಿರುತ್ತಾನೆಯೇ?
“ಶುಕ್ರವಾರ” ಅಂದಳು.
ಬೂಟು ಅಲುಗಾಡಿಸುತ್ತಿದ್ದ ಕಾಲು ಗಕ್ಕನೆ ನಿಂತಿತು.
ಶಾಲೆ? ಆರನೆಯ ತರಗತಿ, ಎರಡು ಸಲ.
ಮನೆಯಲ್ಲಿ ಎಷ್ಟು ಜನ, ಎಷ್ಟು ಕೋಣೆ?
ಏಳು. ಒಂದೂವರೆ.
ಅರ್ಧ ಕೋಣೆಯೆಂದರೇನು ಎಂದು ಕೇಳಲು
ನಮೂನೆಯಲ್ಲಿ ಜಾಗವಿಲ್ಲ.
ಹೀಗೆ ಯಾವಾಗಿನಿಂದ?
“ಮೊಲೆ ಬಿಡಿಸಿದ ದಿನದಿಂದ” ಎಂದಳು ತಾಯಿ.
“ಹೋದ ಬೇಸಿಗೆಯಿಂದ” ಎಂದ ಪೊಲೀಸಿನವ.
ಹುಡುಗ ನನ್ನ ಪೆನ್ನನ್ನೇ ನೋಡುತ್ತಿದ್ದ.

ಮುರಿದದ್ದು ಚಿಕ್ಕಪ್ಪನ ಎರಡು ಹಲ್ಲು.
ಸುಟ್ಟದ್ದು ಶಾಲೆಯ ಹಾಜರಿ ಪುಸ್ತಕ.
ಕದ್ದದ್ದು ಒಂದು ಮೋಪೆಡ್ಡು, ಮತ್ತೆ
ಮಸೀದಿಯ ಮೆಟ್ಟಿಲಿಂದ ಹದಿಮೂರು ಚಪ್ಪಲಿ,
ಎಲ್ಲವೂ ಎಡಗಾಲಿನವು.
ಪೊಲೀಸಿನವನಿಗೆ ನಗು ತಡೆಯಲಾಗಲಿಲ್ಲ.
ನನಗೆ ನಗು ಬರಲಿಲ್ಲ:
ಹದಿಮೂರು ಜನ ಒಂಟಿಕಾಲಲ್ಲಿ
ಮನೆಗೆ ಹೋಗುವುದನ್ನು ನೋಡಬೇಕೆನಿಸಿದ ಮಗು
ಅದೆಷ್ಟು ಹೊತ್ತು ಅಲ್ಲಿ ಕಾದು ಕೂತಿತ್ತೋ.

ಹನ್ನೊಂದನೆಯ ಪ್ರಶ್ನೆ: ಪ್ರಾಣಿಗಳಿಗೆ ಹಿಂಸೆ?
ಹೌದು, ಇಲ್ಲ. ಉಗುರಿನಗಲ ಎರಡು ಚೌಕ.
“ಹೌದು” ಎಂದಳು, ನೆಲ ನೋಡುತ್ತ.
“ಬೆಕ್ಕನ್ನು ಬಕೆಟ್ಟಿನಲ್ಲಿ ಮುಳುಗಿಸಿದ. ನಾನೇ ಕಂಡೆ.”
ಗುರುತು ಹಾಕಿದೆ. ಶಾಯಿ ಇನ್ನೂ ಹಸಿ.
ಆಗ ಬಂತು ಅವನ ಮೊದಲ ಮಾತು,
ಒಡೆದ ಗಂಟಲಲ್ಲಿ, ಅರ್ಧ ಗಂಡಸು, ಅರ್ಧ ಕೂಸು:
“ಕುದಿನೀರು ಹುಯ್ದದ್ದು ಯಾರು, ಅದನ್ನೂ ಬರಿ.
ಮೂರು ರಾತ್ರಿ ಅರಚಿತು.
ಎತ್ತಿಕೊಂಡರೆ ಚರ್ಮ ಕೈಗೇ ಬರ್ತಿತ್ತು.
ನೀವೆಲ್ಲ ಮುಸುಕೆಳೆದು ಮಲಗಿದ್ರಿ.”
ಗೋಂದಿನ ಕೈಗಳು ಒಂದನ್ನೊಂದು ಹಿಡಿದುಕೊಂಡವು.
ಅವತ್ತು ಯಾವ ವಾರವೆಂದು ನಾನು ಕೇಳಲಿಲ್ಲ.

ಅಂಚಿನಲ್ಲಿ ಸಣ್ಣಗೆ ಬರೆದೆ.
“ಅಂಚಿನದು ಲೆಕ್ಕಕ್ಕೆ ಹತ್ತುವುದಿಲ್ಲ, ಅಕ್ಕಾ”
ಎಂದರು ಡಾಕ್ಟರ್ ಉನ್ಸ್.
ಕೆಟ್ಟವರಲ್ಲ. ರಾತ್ರಿಯೆಲ್ಲ ಕೂತು ಎಣಿಸುತ್ತಾರೆ:
ಏಟು ತಿಂದವರೆಷ್ಟು, ಕುಡುಕ ತಂದೆಯವರೆಷ್ಟು,
ಶಾಲೆ ಬಿಟ್ಟವರೆಷ್ಟು, ಬಿಡಿಸಲ್ಪಟ್ಟವರೆಷ್ಟು.
ಎಣಿಸದಿದ್ದರೆ ಮೇಲಿನವರು ಹಾಸಿಗೆಯನ್ನೇ ಕೊಡುವುದಿಲ್ಲ.
ಅವರ ಕೋಷ್ಟಕದಲ್ಲಿ ವಜ್ದಿ ಒಂದು ಗೀಟು,
ಹೌದಿನ ಕೆಳಗೆ.

ಬಿಡುಗಡೆ ಬಂದದ್ದು ಮಾರ್ಚಿ ಹನ್ನೆರಡು, ಗುರುವಾರ.
ತಾಯಿ ಬಂದಳು, ಮೇಜಿನಂಚು ಹಿಡಿದು ನಿಂತಳು.
“ಶನಿವಾರ ಕರಕೊಂಡು ಹೋಗ್ತೇನೆ.
ಎರಡೇ ದಿನ ಇಟ್ಟುಕೊಳ್ಳಿ, ಅಮ್ಮಾ.”
ಅದಕ್ಕೂ ಚೌಕವಿಲ್ಲ.
ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ
ನನ್ನ ಬರಹ ಯಾರಿಗೂ ತಿಳಿಯದ ಹಾಗಾಯಿತು.
ಒಂದರ ಪಕ್ಕದ್ದು ಎರಡೋ ನಾಲ್ಕೋ,
ಕಾವಲಿನವ ಕಾಗದವನ್ನು ದೀಪಕ್ಕೆ ಹಿಡಿದ,
ನನ್ನ ಮುಖ ನೋಡಿದ,
ನಾಲ್ಕು ಅಂದ.

ಶನಿವಾರ ಹೋದರು.
ಮುಂದಿನ ಶುಕ್ರವಾರಕ್ಕೆ ನನ್ನ ಬಳಿ ಏನೂ ಇರಲಿಲ್ಲ.
ಮೇಜಿಗೆ ಬಂದು ನೋಡಿದರೆ
ಪೆನ್ನು ಇಲ್ಲ.
ಮುಚ್ಚಳ ಬಿಟ್ಟು ಹೋಗಿದ್ದ.