ಬಿಂಬುಳಿ ನೀರು

ಮೊದಲು ಬಳೆ ತೆಗೆದಿಡು ಪ್ರಫುಲ್ಲಾ,
ಅಲ್ಲಿ, ಸಾಬೂನಿನ ಡಬ್ಬಿಯ ಮುಚ್ಚಳದ ಮೇಲೆ.
ಗಾಜನ್ನು ಗೀರುವುದು ಗಾಜೇ,
ಮೀನಿಗೆ ಮೀನೇ ಬಾಯಿ ಹಾಕುವ ಹಾಗೆ.

ಈ ಬಟ್ಟಲುಗಳು ಯಂತ್ರದವಲ್ಲ.
ಧಣಿಯ ಮಗಳು ಎಲ್ಲಿಂದಲೋ ತರಿಸಿದ್ದು, ನಲವತ್ತು.
ಒಣಹುಲ್ಲಿನಲ್ಲಿ ಮೊಟ್ಟೆ ಬಂದ ಹಾಗೆ ಬಂದವು.
ಯಾರೋ ಒಬ್ಬ ಕೊಳವೆಗೆ ಬಾಯಿಟ್ಟು ಊದಿದ್ದಂತೆ.
ಒಂದರ ಹಾಗೆ ಒಂದಿಲ್ಲ. ಪೇರಿಸಿದರೆ
ರಾತ್ರಿ ಬಸ್ಸಿನಲ್ಲಿ ನಿದ್ದೆ ಬಂದವರ ಹಾಗೆ
ಒಂದರ ಹೆಗಲಿಗೆ ಒಂದು ವಾಲುತ್ತವೆ.
ಈಗ ಮೂವತ್ತೊಂದು ಉಂಟು.
ಒಂಬತ್ತರ ಲೆಕ್ಕ ನನ್ನ ಸಂಬಳದಲ್ಲಿ ಉಂಟು.

ಗಡ್‌ಬಡ್ ಹಾಕಿ ಕೊಟ್ಟಾಗ ಎಷ್ಟು ಚೆಂದ!
ಮೇಲೆ ಗೇರುಬೀಜ, ನಡುವೆ ಜೆಲ್ಲಿ,
ಗುಲಾಬಿ ಬಣ್ಣ ಗೋಡೆಗೆ ಒರಗಿ ಒರಗಿ ಇಳಿಯುವುದು.
ತಿಂದು ಹೋಗುವವರಿಗೆ ಕಾಣುವುದು ಅದು.
ನಮಗೆ ಸಿಗುವುದು ಇದು:
ಒಳಗೆಲ್ಲ ಬಿಳಿ ಮೋಡ, ತಳದಲ್ಲಿ ತುಕ್ಕಿನ ಉಂಗುರ.

ಒದ್ದೆ ಇರುವಾಗ ಎಂತದ್ದೂ ಇಲ್ಲ.
ಒಣಗಿದ್ದೇ ತಡ, ಹಾಜರು.
ಐಸ್‌ಕ್ರೀಮಿನ ಕಲೆ ಅಲ್ಲ ಮಾರಾಯ್ತಿ,
ನೀರಿನ ಕಲೆ.
ಏಪ್ರಿಲ್ ಬಂತೆಂದರೆ ನಳ್ಳಿ ದಿನ ಬಿಟ್ಟು ದಿನ,
ಆಮೇಲೆ ಹಿಂದುಗಡೆಯ ಬೋರೇ ಗತಿ.
ಹಂಪನಕಟ್ಟೆಯ ಅಡಿಯಲ್ಲಿ ಎಂತೆಂತ ಉಂಟೋ!
ಉಪ್ಪು, ಸುಣ್ಣ, ಮುರಕಲ್ಲಿನ ಕಬ್ಬಿಣ
ಗಾಜಿನ ಮೇಲೆ ಚಾಪೆ ಹಾಸಿ ಕೂತು
ನೀರನ್ನು ಮಾತ್ರ ಕಳಿಸಿಕೊಡುವವು.

ನಾನೂ ಗೊತ್ತಿಲ್ಲದೆ ಉಜ್ಜಿದ್ದೇನೆ.
ಪಾತ್ರೆಪುಡಿ, ಬೂದಿ, ಒಮ್ಮೆ ಬೆಂಗ್ರೆಯ ಹೊಯ್ಗೆ ಸಹ,
ಮನೆಯ ಅಲ್ಯೂಮಿನಿಯಂ ಬೆಳಗುವುದು ಅದರಲ್ಲೇ ಅಲ್ವಾ.
ಕ್ಯಾಶಿನ ಮೇಜಿನ ಬಟ್ಟಲು ನೋಡಿದ್ದೀಯಾ,
ಪೊರೆ ಬಂದ ಕಣ್ಣಿನ ಹಾಗೆ ಇರುವುದು?
ಅದರಲ್ಲಿ ಕಲೆ ಇಲ್ಲ. ಅದು ನನ್ನ ಕೈ.
ಯಾವ ಹುಳಿಗೂ ಬಿಡುವುದಿಲ್ಲ.
ಧಣಿಗೆ ಗೊತ್ತಿಲ್ಲ,
ಸೋಂಪು ಹಾಕಿಡಲಿಕ್ಕೆ ಅದೇ ಚೆಂದ ಎಂದು ಹೇಳಿಬಿಟ್ಟೆ.

ಮದ್ದು ಹೇಳಿದ್ದು ನಮ್ಮ ಓಣಿಯ ಕೊಗ್ಗಣ್ಣ,
ಕಾಲೇಜಿನ ಲ್ಯಾಬಿನಲ್ಲಿ ಮೂವತ್ತು ವರ್ಷ ಗಾಜು ತೊಳೆದವರು,
ಸಂಜೆ ಫೆರಿಯಲ್ಲಿ ಎದುರು ಕೂರುವವರು.
"ಆಸಿಡ್ ಬೇಕು" ಎಂದರು. ನಾನು ಹೆದರಿದೆ.
"ನಿನ್ನ ಹಿತ್ತಿಲಲ್ಲೇ ಉಂಟಲ್ಲ,
ಕಾಂಡದಿಂದಲೇ ಗೊಂಚಲು ಗೊಂಚಲು ನೇತಾಡಿಕೊಂಡು!"
ಮೀನಿನ ಗಸಿಗೆ ಹಾಕಿ ಮಿಕ್ಕಿದ್ದೆಲ್ಲ
ಅಷ್ಟು ವರ್ಷ ಮರದ ಬುಡದಲ್ಲಿ ಕೊಳೆಯುತ್ತಿತ್ತು.

ಹತ್ತು ಬಿಂಬುಳಿ ಜಜ್ಜು. ಉಗುರುಬೆಚ್ಚಗಿನ ನೀರು ಸಾಕು,
ತಣ್ಣಗಿನ ಗಾಜಿಗೆ ಕುದಿ ಹೊಯ್ದರೆ ಟಕ್ ಎನ್ನುವುದು.
ಒಂಬತ್ತರಲ್ಲಿ ನಾಲ್ಕು ಹಾಗೆ ಹೋದದ್ದು.
ಮುಳುಗಿಸಿ ಇಡು, ರಾತ್ರಿ ಇಡೀ.
ನಡುವೆ ತೆಗೆದು ತೆಗೆದು ನೋಡಬೇಡ,
ಬಾಣಂತಿಯನ್ನು ನಿದ್ದೆಯಿಂದ ಎಬ್ಬಿಸುವುದುಂಟಾ?
ಬೆಳಿಗ್ಗೆ ಹಳೆ ಬನಿಯನ್ ತುಂಡಿನಲ್ಲಿ ಒಂದು ಸುತ್ತು.
ಒತ್ತಬೇಡ.

ಕೊನೆಯ ನೀರು ಬೋರಿನದ್ದು ಬೇಡವೇ ಬೇಡ.
ಎಸಿ ಪೈಪಿನ ಕೆಳಗೆ ಬಕೆಟ್ ಇಟ್ಟಿದ್ದೇನೆ.
ಒಳಗೆ ಕೂತವರ ಬೆವರು, ಉಸಿರು, ಪಂಚಾತಿಕೆ
ಎಲ್ಲ ಹನಿ ಹನಿ ಬೀಳುವುದು ಅಲ್ಲಿಗೇ.
ಅದರಲ್ಲಿ ಸುಣ್ಣ ಇಲ್ಲ.

ಮತ್ತೆ ಇದು, ಅಂಚಿನ ಹತ್ತಿರ, ಸಾಸಿವೆಯಷ್ಟು,
ಆಗಿನಿಂದ ನೀನು ಉಗುರು ಹಾಕಿ ಕೆರೆಯುತ್ತಿರುವುದು:
ಬಿಡು ಅದನ್ನು.
ಮೊದಲ ವಾರ ನಾನೂ ಕೆರೆದಿದ್ದೆ, ಬೆರಳು ಬಾತುಕೊಳ್ಳುವಷ್ಟು.
ಅದು ಒಳಬದಿಯಲ್ಲೂ ಇಲ್ಲ, ಹೊರಬದಿಯಲ್ಲೂ ಇಲ್ಲ,
ಎರಡರ ನಡುವೆ ಉಂಟು.
ಊದಿದವನ ಉಸಿರು ಎಂದು ನಾನು.
ಅಲ್ಲ, ಕುಲುಮೆಯ ಗಾಳಿ ಎಂದು ಕೊಗ್ಗಣ್ಣ.
ನದಿ ದಾಟುವವರೆಗೂ ಅದೇ ಜಗಳ.

ಸಾಕು, ಬೆಳಕಿಗೆ ಹಿಡಿ. ಹಾಂ.
ಲೈಟು ಆರಿಸು, ಕೊನೆಯ ಫೆರಿ ಬಿಡಲಿಕ್ಕಾಯ್ತು.
ಬಳೆ ಎಣಿಸಿ ಹಾಕಿಕೋ,
ಎಡಗೈಯದ್ದು ಐದಿತ್ತು.