ಏಪ್ರಿಲ್ ಇಪ್ಪತ್ಮೂರು, ಶಾಖಾ ಗ್ರಂಥಾಲಯ

ಬ್ಯಾನರಿಗೆ ದುಡ್ಡು ಬರಲಿಲ್ಲ ಈ ಸಲವೂ.
ಹಾಗಾಗಿ ಪುಸ್ತಕದ ದಿನ ನಮ್ಮಲ್ಲಿ ಹೀಗೆ:
ಬೀರು ಬರಿದು ಮಾಡಿ, ಮಾಳಿಗೆಗೆ ಹೊತ್ತು,
ಜಮಖಾನದ ಮೇಲೆ ಎಲ್ಲವನ್ನೂ ಬಿಸಿಲಿಗೆ ಹರವುವುದು,
ಸಂಡಿಗೆಯ ಹಾಗೆ.

ದಾವಣಗೆರೆಯ ಬಿಸಿಲು, ಬಡ್ಡಿ ಸಮೇತ ಬರುತ್ತದೆ.
ಷಟ್ಪದಿಯ ಒಳಗಿಂದ ಆರು ಕಾಲಿನ ಬೆಳ್ಳಿಹುಳ
ಓಡುತ್ತದೆ, ಛಂದಸ್ಸು ತಪ್ಪದೆ.

ಒಂದೊಂದೇ ಪುಸ್ತಕ ಕೊಡವುತ್ತೇನೆ. ಉದುರುತ್ತವೆ
ಹರಿಹರದ ಬಸ್ ಟಿಕೇಟು,
ಎರಡೆಳೆ ಹತ್ತಿ, ಮಿಲ್ಲು ಇನ್ನೂ ಕೂಗುತ್ತಿದ್ದ ಕಾಲದ್ದು;
ಕೊಟ್ರಬಸಪ್ಪನವರದೇ ಇರಬೇಕು, ರಾತ್ರಿ ಪಾಳಿಯವರು,
ಪತ್ತೇದಾರಿ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ.
ಅರವತ್ತೇಳನೇ ಪುಟದಲ್ಲಿ ಬೆಣ್ಣೆಯ ಹೆಬ್ಬೆಟ್ಟು:
ಯಾರೋ ದೋಸೆಯನ್ನೂ ಬಿಡಲಾರದೆ, ಕೊಲೆಗಾರನನ್ನೂ ಬಿಡಲಾರದೆ.

ದಂಡ ಹಾಕಬೇಕಿತ್ತು. ಹಾಕಲಿಲ್ಲ.
ಕಲೆಯೇ ಇಲ್ಲದವೂ ಇವೆ ಅಲ್ಲಿ,
ಸರ್ಕಾರ ಕಳಿಸಿದವು, ಬೆನ್ನು ಒಮ್ಮೆಯೂ ಬಾಗದವು.
ಅವನ್ನು ಕಂಡರೇ ಕರುಳು ಚುರ್ರೆನ್ನುತ್ತದೆ.

ಆಮೇಲೆ ಆ ದಪ್ಪ ಕಾದಂಬರಿ, ರಟ್ಟು ಕಿತ್ತದ್ದು.
ನೂರಾ ಹನ್ನೆರಡರಲ್ಲಿ ಒಂದು ಮಂಡಕ್ಕಿ ಕಾಳು,
ಚಪ್ಪಟೆಯಾಗಿ, ಒತ್ತಿಟ್ಟ ಹೂವಿನಂತೆ.
ಚೀಟಿಯಲ್ಲಿ ಕೊನೆಯ ಹೆಸರು ಖೈರುನ್ನೀಸಾ, ಭಟ್ಟಿ ಏರಿಯಾ.
ಮಸಿಬೆರಳು ದುಪ್ಪಟ್ಟಾಕ್ಕೆ ಒರೆಸಿಕೊಂಡೇ ಪುಸ್ತಕ ಹಿಡಿಯುತ್ತಿದ್ದಳು.
"ಸಾರ್, ಇವಳು ವಾಪಸ್ ಹೋಗ್ತಾಳಾ ಗಂಡನ ಮನೆಗೆ?"
ಓದಿ ನೋಡು ಅಂದಿದ್ದೆ. ನಾನೇ ಓದಿರಲಿಲ್ಲ.
ಪುಸ್ತಕ ಬಂತು, ತಮ್ಮನ ಕೈಲಿ. ಅವಳು ಬರಲಿಲ್ಲ.

ಸಂಜೆ ಎಲ್ಲವನ್ನೂ ಒಳಗಿಟ್ಟೆ, ನಂಬರು ಹಿಂದುಮುಂದಾಗಿ.
ಇದೊಂದನ್ನು ಮಾತ್ರ ಹಿಡಿದು ಕೂತೆ, ಲೈಟು ಹಾಕಿ,
ಮೊದಲ ಪುಟದಿಂದ.
ಮಂಡಕ್ಕಿಯನ್ನು ಅಲ್ಲೇ ಬಿಟ್ಟಿದ್ದೇನೆ.
ನೂರಾ ಹನ್ನೆರಡು ದಾಟುವಾಗ
ಅವಳಿಗೊಂದು ಮಾತು ಹೇಳಿ ದಾಟಬೇಕು.